ಭೂತಾನಿನ ಸಾರ್ವತ್ರಿಕ ಚುನಾವಣೆ

ಪೂರ್ವ ಹಿಮಾಲಯದ ಪುಟ್ಟ ದೇಶ ಭೂತಾನಿನಲ್ಲಿ ಸಂಸತ್ತಿನ ಕೆಳಮನೆಯಾದ ರಾಷ್ಟ್ರೀಯ ಸಭೆಗೆ ಐದು ವರ್ಷಕ್ಕೊಮ್ಮೆ ನಡೆಯುವ ಚುನಾವಣೆ. ಇಲ್ಲಿ ಮತದಾರರು ಎರಡು ಬಾರಿ ಮತಗಟ್ಟೆಗೆ ಬರಬೇಕು. ಮೊದಲ ಸುತ್ತಿನಲ್ಲಿ ಅವರು ಪಕ್ಷಕ್ಕೆ ಮತ ಹಾಕುತ್ತಾರೆ. ಇಡೀ ದೇಶದ ಲೆಕ್ಕದಲ್ಲಿ ಅತಿ ಹೆಚ್ಚು ಮತ ಪಡೆದ ಎರಡು ಪಕ್ಷಗಳಷ್ಟೇ ಎರಡನೆಯ ಸುತ್ತಿಗೆ ಉಳಿಯುತ್ತವೆ. ಆ ಸುತ್ತಿನಲ್ಲಿ 47 ಕ್ಷೇತ್ರಗಳಲ್ಲೂ ಈ ಎರಡು ಪಕ್ಷಗಳ ಅಭ್ಯರ್ಥಿಗಳ ನಡುವೆ ನೇರ ಹಣಾಹಣಿ. ಗೆದ್ದದ್ದು ಆಳುವ ಪಕ್ಷ, ಸೋತದ್ದು ವಿರೋಧ ಪಕ್ಷ. ಮೂರನೆಯದಕ್ಕೆ ಸದನದಲ್ಲಿ ಜಾಗವೇ ಇಲ್ಲ. ಫ್ರಾನ್ಸ್ ಮುಂತಾದ ದೇಶಗಳಲ್ಲೂ ಎರಡು ಸುತ್ತಿನ ಮತದಾನವಿದೆ, ಆದರೆ ಅಲ್ಲಿ ಸೋಸಿ ಹೋಗುವವರು ಅಭ್ಯರ್ಥಿಗಳು. ಪಕ್ಷಗಳನ್ನೇ ದೇಶದ ಮಟ್ಟದಲ್ಲಿ ಸೋಸುವ ಏರ್ಪಾಡು ಭೂತಾನಿನ ಸ್ವಂತದ್ದು.

2017ರ ಜನಗಣತಿಯಂತೆ ದೇಶದ ಜನಸಂಖ್ಯೆ ಸುಮಾರು 7.35 ಲಕ್ಷ. 2023-24ರ ಚುನಾವಣೆಯಲ್ಲಿ ಮತದಾರರ ಸಂಖ್ಯೆ ಐದು ಲಕ್ಷದ ಆಸುಪಾಸಿನಲ್ಲಿತ್ತು. ಕರ್ನಾಟಕದ ಒಂದು ಲೋಕಸಭಾ ಕ್ಷೇತ್ರದಲ್ಲಿ ಸರಾಸರಿ ಹತ್ತೊಂಬತ್ತು ಲಕ್ಷ ಮತದಾರರಿದ್ದಾರೆ ಎಂಬುದನ್ನು ನೆನೆದರೆ ಈ ದೇಶದ ಗಾತ್ರ ತಿಳಿಯುತ್ತದೆ. ಆದರೂ ಸಂಸದೀಯ ಪ್ರಜಾಪ್ರಭುತ್ವವನ್ನು ಅಭ್ಯಾಸ ಮಾಡುವವರು ಭೂತಾನನ್ನು ಬಿಟ್ಟು ಮುಂದೆ ಹೋಗಬಾರದು. ಸ್ಥಿರತೆಯೊಂದನ್ನೇ ಮುಂದಿಟ್ಟುಕೊಂಡು ಕಟ್ಟಿದ ಈ ವ್ಯವಸ್ಥೆಯಲ್ಲಿ ಆಳುವ ಪಕ್ಷವೊಂದು ಮರಳಿ ಗೆದ್ದ ಉದಾಹರಣೆ ಇದುವರೆಗೆ ಒಂದೂ ಇಲ್ಲ.

ಅರಸನಿಂದ ಬಂದ ಮತ

1907ರಲ್ಲಿ ಉಗ್ಯೆನ್ ವಾಂಗ್‌ಚುಕ್ ವಂಶಪಾರಂಪರ್ಯ ಅರಸೊತ್ತಿಗೆಯನ್ನು ಸ್ಥಾಪಿಸಿದರು. ಮೂರನೆಯ ಅರಸ ಜಿಗ್ಮೆ ದೋರ್ಜಿ ವಾಂಗ್‌ಚುಕ್ 1953ರಲ್ಲಿ ಛೋಗ್ದು ಎಂಬ ಸಭೆಯನ್ನು ಕರೆದರು. ಜನಪ್ರತಿನಿಧಿಗಳ ಜೊತೆಗೆ ಮಠದವರೂ ಸರ್ಕಾರದವರೂ ಕೂರುತ್ತಿದ್ದ ಸಭೆ ಅದು. ಅಲ್ಲಿಗೆ ಪ್ರತಿನಿಧಿಯನ್ನು ಆರಿಸುವಾಗ ಮನೆಗೊಂದು ಮತ, ಆಳಿಗೊಂದಲ್ಲ. ನಾಲ್ಕನೆಯ ಅರಸ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ 1998ರಲ್ಲಿ ದೈನಂದಿನ ಆಡಳಿತವನ್ನು ಮಂತ್ರಿಮಂಡಲಕ್ಕೆ ಒಪ್ಪಿಸಿದರು, 2001ರಲ್ಲಿ ಸಂವಿಧಾನದ ಕರಡು ಸಿದ್ಧಪಡಿಸಲು ಆಜ್ಞೆ ಮಾಡಿದರು. 2005ರಲ್ಲಿ ಕರಡು ಪ್ರಕಟವಾದ ಮೇಲೆ ಅದನ್ನು ಹಿಡಿದು ಜಿಲ್ಲೆ ಜಿಲ್ಲೆಗೂ ಹೋಗಿ ಜನರ ಮುಂದೆ ಓದಿಸಿದರು. ಆ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಮಾತು ಒಂದೇ: ನಮಗೆ ಚುನಾವಣೆ ಬೇಡ, ನೀವೇ ಇರಿ. ಅರಸರು ಒಪ್ಪಲಿಲ್ಲ. ಒಬ್ಬ ಒಳ್ಳೆಯ ದೊರೆಯ ನಂತರ ಎಂಥವನು ಬರುತ್ತಾನೋ ಯಾರು ಬಲ್ಲರು, ಹುಟ್ಟಿನ ಮೇಲೆ ನಿಂತ ಅಧಿಕಾರವನ್ನು ನಂಬಿ ದೇಶ ಕೂರಬಾರದು ಎಂಬುದು ಅವರ ವಾದ. 2005ರ ಡಿಸೆಂಬರ್‌ನಲ್ಲಿ ತಾವು ಸಿಂಹಾಸನ ಬಿಡುವುದಾಗಿಯೂ 2008ರಲ್ಲಿ ಚುನಾವಣೆ ನಡೆಯುವುದಾಗಿಯೂ ಘೋಷಿಸಿದರು. ಮರುವರ್ಷವೇ ಮಗ ಜಿಗ್ಮೆ ಖೇಸರ್ ನಾಮ್‌ಗ್ಯೆಲ್ ವಾಂಗ್‌ಚುಕ್ ಅವರಿಗೆ ಪಟ್ಟ ಬಿಟ್ಟುಕೊಟ್ಟರು.

ಮತ ಹಾಕಿ ರೂಢಿಯಿಲ್ಲದ ಜನಕ್ಕೆ ಅಭ್ಯಾಸ ಮಾಡಿಸಲು ಚುನಾವಣಾ ಆಯೋಗ 2007ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಅಣಕು ಚುನಾವಣೆ ನಡೆಸಿತು. ಅದಕ್ಕಾಗಿ ಬಣ್ಣದ ಹೆಸರಿನ ನಾಲ್ಕು ಪಕ್ಷಗಳನ್ನು ಹುಟ್ಟುಹಾಕಿದರು. ಕೆಂಪು ಪಕ್ಷ ಕೈಗಾರಿಕೆಯ ಪರ, ಹಸಿರು ಪರಿಸರದ ಪರ, ನೀಲಿ ಭ್ರಷ್ಟಾಚಾರದ ವಿರುದ್ಧ, ಹಳದಿ ಪರಂಪರೆಯ ಪರ. ಅಭ್ಯರ್ಥಿಗಳಾಗಿ ನಿಂತವರು ಪ್ರೌಢಶಾಲೆಯ ವಿದ್ಯಾರ್ಥಿಗಳು. ಎರಡನೆಯ ಸುತ್ತಿಗೆ ಹಳದಿಯೂ ಕೆಂಪೂ ಉಳಿದವು. 47ರಲ್ಲಿ 46 ಸ್ಥಾನ ಹಳದಿಯ ಪಾಲಾಯಿತು. ಹಳದಿ ಭೂತಾನಿನಲ್ಲಿ ಅರಸನ ಬಣ್ಣ. ಅಧಿಕಾರವನ್ನು ಜನರ ಕೈಗೆ ಇಡಲು ಅರಸ ಹೊರಟರೆ, ಜನ ಅದನ್ನು ಹಾಗೆಯೇ ಅವರ ಕಡೆಗೆ ತಿರುಗಿಸಿದ್ದರು. ಈ ಅಣಕು ಚುನಾವಣೆಯ ಹಿನ್ನೆಲೆಯಲ್ಲೇ ಪಾವೊ ಚೊಯ್ನಿಂಗ್ ದೋರ್ಜಿ 2023ರಲ್ಲಿ ‘ದಿ ಮಾಂಕ್ ಅಂಡ್ ದ ಗನ್’ ಎಂಬ ಚಲನಚಿತ್ರ ಮಾಡಿದರು. ಆ ಕಾಲದ ಹಳ್ಳಿಗಳ ಮನಸ್ಸು ಹೇಗಿತ್ತೆಂದು ತಿಳಿಯಬಯಸುವವರು ನೋಡಬೇಕಾದ ಚಿತ್ರ.

ಯಾರು ಮತದಾರರು

ಹದಿನೆಂಟು ತುಂಬಿದ ಪ್ರಜೆಗೆ ಮತಾಧಿಕಾರವಿದೆ. ಆದರೆ ಮತ ಎಲ್ಲಿ ಎಂಬುದು ಬೇರೆಯೇ ಪ್ರಶ್ನೆ. ಭೂತಾನಿನಲ್ಲಿ ಪ್ರತಿಯೊಬ್ಬರ ಹೆಸರೂ ಯಾವುದೋ ಒಂದು ಊರಿನ ಒಂದು ಮನೆತನದ ನೋಂದಣಿಯಲ್ಲಿ ಇರುತ್ತದೆ. ಅದಕ್ಕೆ ಮಿಚಿ ಎನ್ನುತ್ತಾರೆ. ಕನಿಷ್ಠ ಒಂದು ವರ್ಷದಿಂದ ಮಿಚಿ ಎಲ್ಲಿದೆಯೋ ಅಲ್ಲೇ ಮತ. ಇಪ್ಪತ್ತು ವರ್ಷದಿಂದ ರಾಜಧಾನಿ ಥಿಂಫುವಿನಲ್ಲಿ ಅಂಗಡಿ ಇಟ್ಟುಕೊಂಡವರಾದರೂ ಮಿಚಿ ಪೂರ್ವದ ತ್ರಾಶಿಗಾಂಗಿನಲ್ಲಿದ್ದರೆ ಅವರು ಆರಿಸಬೇಕಾದದ್ದು ತ್ರಾಶಿಗಾಂಗಿನ ಪ್ರತಿನಿಧಿಯನ್ನು. ಭಾರತದ ಕಾನೂನು ಸಾಮಾನ್ಯವಾಗಿ ವಾಸವಿರುವ ಜಾಗವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಬೆಂಗಳೂರಿನಲ್ಲಿ ನೆಲೆಸಿದ ಬೀದರಿನವರು ಬೆಂಗಳೂರಿನಲ್ಲೇ ಹೆಸರು ಬರೆಸಿಕೊಳ್ಳಬಹುದು, ಬೇಕೆಂದೇ ಊರಿನ ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡವರಷ್ಟೇ ಬಸ್ಸು ಹತ್ತುತ್ತಾರೆ. ಭೂತಾನಿನವರಿಗೆ ಆ ಆಯ್ಕೆಯಿಲ್ಲ.

ಇದರ ಪರಿಣಾಮ ಅಂಕಿಯಲ್ಲಿ ಕಾಣುತ್ತದೆ. 2017ರ ಗಣತಿಯಲ್ಲಿ ಥಿಂಫು ಜಿಲ್ಲೆಯಲ್ಲಿ 1,38,736 ಜನರಿದ್ದರು. ಉತ್ತರದ ಹಿಮಗಡಿಯ ಗಾಸಾ ಜಿಲ್ಲೆಯಲ್ಲಿ ಇದ್ದವರು 3,952. ಎರಡಕ್ಕೂ ರಾಷ್ಟ್ರೀಯ ಸಭೆಯಲ್ಲಿ ಎರಡೆರಡು ಸ್ಥಾನ. ಜಿಲ್ಲೆಗೆ ಕನಿಷ್ಠ ಎರಡು, ಗರಿಷ್ಠ ಏಳು ಸ್ಥಾನ ಇರಬೇಕೆಂದು ಸಂವಿಧಾನ ಹೇಳುತ್ತದೆ. ಇಪ್ಪತ್ತು ಜಿಲ್ಲೆಗಳಲ್ಲಿ ಹೆಚ್ಚು ಸ್ಥಾನ ಇರುವುದು ತ್ರಾಶಿಗಾಂಗಿಗೆ, ಐದು. ಕನಿಷ್ಠ ಎರಡು ಎಂಬ ನಿಯಮದಿಂದ ಗಾಸಾದ ಯಾಕ್ ಸಾಕುವವರಿಗೂ ದನಿ ಸಿಕ್ಕಿದೆ, ಅದು ನ್ಯಾಯವೇ. ಆದರೆ ರಾಜಧಾನಿಯ ನೀರು, ಬಾಡಿಗೆ, ಕೆಲಸ, ಸಂಚಾರದ ಕಷ್ಟ ಉಣ್ಣುವ ಬಹುಪಾಲು ಮಂದಿ ಆ ಕಷ್ಟಕ್ಕೆ ಉತ್ತರ ಕೊಡಬೇಕಾದ ಪ್ರತಿನಿಧಿಯನ್ನು ಆರಿಸುವಂತಿಲ್ಲ ಎಂಬುದು ನ್ಯಾಯವಲ್ಲ. ಈ ವ್ಯವಸ್ಥೆಯ ದೊಡ್ಡ ಕೊರತೆ ಇದೇ.

ಮತದಾನದ ದಿನಗಳು ಹತ್ತಿರ ಬಂದಾಗ ಥಿಂಫುವಿನಿಂದ ಪೂರ್ವಕ್ಕೆ ಹೋಗುವ ಹೆದ್ದಾರಿ ತುಂಬುತ್ತದೆ. ತ್ರಾಶಿಗಾಂಗಿಗೆ ಸುಮಾರು 550 ಕಿಲೋಮೀಟರ್, ಕಣಿವೆ ಇಳಿದು ಕಣಿವೆ ಹತ್ತುವ ತಿರುವುಗಳ ದಾರಿ. ಮಾಮೂಲಿಯಾಗಿ ಎರಡು ದಿನದ ಪ್ರಯಾಣ. ಅಲ್ಲಿಂದ ಮುಂದೆ ಹಳ್ಳಿಗೆ ಕಾಲುದಾರಿಯೂ ಇರಬಹುದು. ಒಂದು ಮತದಾನ ಮುಗಿಸಿ ಬಂದವರು ಕೆಲವು ವಾರಗಳಲ್ಲಿ ಎರಡನೆಯ ಸುತ್ತಿಗೆ ಮತ್ತೆ ಹೊರಡಬೇಕು. ಸರ್ಕಾರಿ ನೌಕರರು, ಸೈನಿಕರು, ವಿದ್ಯಾರ್ಥಿಗಳು ಮೊದಲಾದವರಿಗೆ ಅಂಚೆ ಮತದ ಅನುಕೂಲವಿದೆ. 2018ರ ಹೊತ್ತಿಗೆ ಅದನ್ನು ವಿಸ್ತರಿಸಿ ಪಟ್ಟಣಗಳಲ್ಲಿ ನೆರವಿನ ಮತಗಟ್ಟೆಗಳನ್ನೂ ತೆರೆದರು. ಉಳಿದವರು ಗೋ, ಕಿರಾ ಎಂಬ ರಾಷ್ಟ್ರೀಯ ಉಡುಪನ್ನುಟ್ಟು, ಗುರುತಿನ ಚೀಟಿ ಹಿಡಿದು, ತಮ್ಮೂರಿನ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಾರೆ. ಲುನಾನದಂಥ ಎತ್ತರದ ಊರುಗಳಿಗೆ ಮತಗಟ್ಟೆ ಸಿಬ್ಬಂದಿ ದಿನಗಟ್ಟಲೆ ನಡೆದು ಹೋಗಬೇಕು.

ಬಳಸುವ ಮತಯಂತ್ರಗಳು ಭಾರತದಲ್ಲಿ ತಯಾರಾದವು. ಭಾರತದಲ್ಲಿ ಚುನಾವಣೆಯ ಯಂತ್ರ ತಯಾರಿಸುವುದು ಎರಡೇ ಸಂಸ್ಥೆಗಳು: ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್.

ಬೌದ್ಧ ಭಿಕ್ಷುಗಳಿಗೂ ನೋಂದಾಯಿತ ಧಾರ್ಮಿಕ ವ್ಯಕ್ತಿಗಳಿಗೂ ಮತವಿಲ್ಲ. ಧರ್ಮ ರಾಜಕೀಯಕ್ಕಿಂತ ಮೇಲಿರಬೇಕು ಎಂಬ ಸಂವಿಧಾನದ ಮಾತನ್ನು ಚುನಾವಣಾ ಆಯೋಗ ಅರ್ಥೈಸಿರುವ ರೀತಿ ಅದು. ಮಠ ಮತ್ತು ಮತಗಟ್ಟೆಯ ನಂಟು ಎಷ್ಟೆಂದು ಬಲ್ಲ ನಮ್ಮ ನಾಡಿನವರಿಗೆ ಈ ನಿಯಮ ಆಕರ್ಷಕವಾಗಿ ಕಾಣಬಹುದು. ಆದರೆ ಮಠಾಧಿಪತಿಯನ್ನು ಪ್ರಚಾರದಿಂದ ದೂರ ಇಡುವುದು ಬೇರೆ, ಸಾವಿರಾರು ಸಾಮಾನ್ಯ ಭಿಕ್ಷುಗಳ ಮತವನ್ನೇ ತೆಗೆಯುವುದು ಬೇರೆ. ಮೊದಲನೆಯದಕ್ಕೆ ಕಾರಣ ಕೊಡಬಹುದು, ಎರಡನೆಯದಕ್ಕೆ ಕಷ್ಟ.

ಪಟ್ಟಿಯಲ್ಲಿ ಹೆಸರೇ ಇಲ್ಲದವರ ಮಾತನ್ನು ಬಿಟ್ಟರೆ ಈ ಲೇಖನ ಅಪೂರ್ಣ. 1985ರ ಪೌರತ್ವ ಕಾನೂನು 1958ರಲ್ಲಿ ದೇಶದಲ್ಲಿ ವಾಸವಿದ್ದುದಕ್ಕೆ ದಾಖಲೆ ಕೇಳಿತು. ಅದರ ಬೆನ್ನಿಗೆ ನಡೆದ ಗಣತಿ, ಸಂಸ್ಕೃತಿ ನಿಯಮಗಳು, ಪ್ರತಿಭಟನೆ ಮತ್ತು ದಮನದ ನಡುವೆ 1990ರ ದಶಕದ ಆರಂಭದಲ್ಲಿ ದಕ್ಷಿಣದ ನೇಪಾಳಿ ಭಾಷಿಕರಾದ ಲೋತ್ಶಾಂಪರಲ್ಲಿ ಲಕ್ಷದಷ್ಟು ಮಂದಿ ದೇಶದಿಂದ ಹೊರಬಿದ್ದು ನೇಪಾಳದ ಶಿಬಿರಗಳನ್ನು ಸೇರಿದರು. 2007ರ ನಂತರ ಅವರಲ್ಲಿ ಹೆಚ್ಚಿನವರಿಗೆ ಅಮೆರಿಕ ಮೊದಲಾದ ದೇಶಗಳಲ್ಲಿ ನೆಲೆ ಸಿಕ್ಕಿತು. ಭೂತಾನಿನ ಸಂಸತ್ತಿನಲ್ಲಿ ನೇಪಾಳಿ ಭಾಷಿಕ ಸದಸ್ಯರಿದ್ದಾರೆ, ನಿಜ. ಆದರೆ ಮೊದಲ ಚುನಾವಣೆಯ ಮತದಾರರ ಪಟ್ಟಿ ಸಿದ್ಧವಾಗುವ ಹೊತ್ತಿಗೆ ದೇಶದ ಒಂದು ದೊಡ್ಡ ಸಮುದಾಯ ಗಡಿಯಾಚೆ ಇತ್ತು.

ಅಭ್ಯರ್ಥಿ, ಪಕ್ಷ, ಪ್ರಚಾರ

ಅಭ್ಯರ್ಥಿಯ ವಯಸ್ಸು 25ರಿಂದ 65ರ ನಡುವೆ ಇರಬೇಕು, ವಿಶ್ವವಿದ್ಯಾಲಯದ ಪದವಿ ಇರಬೇಕು, ವಿದೇಶಿ ಪ್ರಜೆಯನ್ನು ಮದುವೆಯಾಗಿರಬಾರದು. ಪದವಿಯ ನಿಯಮ ಮೇಲ್ನೋಟಕ್ಕೆ ಒಳ್ಳೆಯದೆನಿಸುತ್ತದೆ. ಬೇಸಾಯವೇ ಬಹಳಷ್ಟು ಜನರ ಬದುಕಾಗಿರುವ ದೇಶದಲ್ಲಿ ಅದು ರೈತನನ್ನು ಸಂಸತ್ತಿನ ಹೊಸ್ತಿಲಲ್ಲೇ ತಡೆಯುತ್ತದೆ. ಹಳೆಯ ತಲೆಮಾರಿನ ಹೆಂಗಸರಿಗೆ ಶಾಲೆಯ ದಾರಿಯೇ ಕಡಿಮೆಯಿತ್ತಾದ್ದರಿಂದ ಅವರನ್ನು ಇನ್ನೂ ಹೆಚ್ಚು ತಡೆಯುತ್ತದೆ. 2024ರಲ್ಲಿ ಆರಿಸಿ ಬಂದ 47 ಮಂದಿಯಲ್ಲಿ ಮಹಿಳೆಯರು ಇಬ್ಬರೇ.

ಪಕ್ಷಗಳು ಆಯೋಗದಲ್ಲಿ ನೋಂದಣಿ ಮಾಡಿಸಬೇಕು. ಪ್ರದೇಶ, ಭಾಷೆ, ಧರ್ಮದ ಹೆಸರಿನಲ್ಲಿ ಪಕ್ಷ ಕಟ್ಟುವಂತಿಲ್ಲ. ಪ್ರಚಾರದ ವೆಚ್ಚಕ್ಕೆ ಸರ್ಕಾರದ ನಿಧಿಯಿಂದ ಎಲ್ಲ ಅಭ್ಯರ್ಥಿಗಳಿಗೂ ಸಮನಾಗಿ ಹಣ ಕೊಡುತ್ತಾರೆ. ಭಿತ್ತಿಪತ್ರ ಅಂಟಿಸಲು ಗೊತ್ತುಮಾಡಿದ ಫಲಕಗಳಿವೆ. ಎದುರಾಳಿಗಳು ಒಂದೇ ವೇದಿಕೆಗೆ ಬಂದು ಊರವರ ಮುಂದೆ ಮಾತಾಡುವ ಸಾಮಾನ್ಯ ಸಭೆಗಳೂ ದೂರದರ್ಶನದ ಚರ್ಚೆಗಳೂ ಪ್ರಚಾರದ ಮುಖ್ಯ ಭಾಗ. ಮತದಾನಕ್ಕೆ 48 ಗಂಟೆ ಮೊದಲು ಎಲ್ಲವೂ ನಿಲ್ಲಬೇಕು. ಮೇಲ್ಮನೆಯಾದ 25 ಮಂದಿಯ ರಾಷ್ಟ್ರೀಯ ಪರಿಷತ್ತು ಪೂರ್ತಿ ಪಕ್ಷರಹಿತ: ಜಿಲ್ಲೆಗೊಬ್ಬರಂತೆ 20 ಮಂದಿ ಚುನಾಯಿತರು, ಐವರು ಅರಸನ ನಾಮನಿರ್ದೇಶಿತರು. ಅದರ ಚುನಾವಣೆ ಬೇರೆ ಸಮಯದಲ್ಲಿ ನಡೆಯುತ್ತದೆ.

ಭಾರತದವರು ಗಮನಿಸಬೇಕಾದ ಒಂದು ಏರ್ಪಾಡು ಮಧ್ಯಂತರ ಸರ್ಕಾರ. ರಾಷ್ಟ್ರೀಯ ಸಭೆಯ ಅವಧಿ ಮುಗಿದೊಡನೆ ಪ್ರಧಾನಿಯೂ ಮಂತ್ರಿಗಳೂ ಮನೆಗೆ ಹೋಗುತ್ತಾರೆ. ಹದಿನೈದು ದಿನದೊಳಗೆ ಅರಸರು ದೇಶದ ಮುಖ್ಯ ನ್ಯಾಯಮೂರ್ತಿಯನ್ನು ಮುಖ್ಯ ಸಲಹೆಗಾರರನ್ನಾಗಿಸಿ ಮಧ್ಯಂತರ ಸರ್ಕಾರ ನೇಮಿಸುತ್ತಾರೆ. ಅದು ನೀತಿ ನಿರ್ಧಾರ ಕೈಗೊಳ್ಳುವಂತಿಲ್ಲ; ದಿನನಿತ್ಯದ ಕೆಲಸ ನೋಡಿಕೊಂಡು 90 ದಿನದೊಳಗೆ ಹೊಸ ಸಭೆ ಕೂರುವಂತೆ ಮಾಡಬೇಕು. ಆಳುವ ಪಕ್ಷದವರು ಸರ್ಕಾರಿ ಕಾರು, ಕಚೇರಿ, ಜಾಹೀರಾತು ಬಳಸಿಕೊಂಡು ಚುನಾವಣೆಗೆ ಇಳಿಯುವ ಪ್ರಶ್ನೆಯೇ ಏಳುವುದಿಲ್ಲ. ನ್ಯಾಯಾಂಗದ ಮುಖ್ಯಸ್ಥರನ್ನು ಆಡಳಿತದ ಗಾದಿಗೆ ಕೂರಿಸುವುದರಲ್ಲಿ ತೊಡಕಿದೆ ಎಂಬ ಆಕ್ಷೇಪವಿದೆ. ಆದರೂ ಭೂತಾನಿನ ಸಂವಿಧಾನದ ಒಳ್ಳೆಯ ಕಲ್ಪನೆಗಳಲ್ಲಿ ಇದೂ ಒಂದು ಎಂದೇ ಹೇಳಬೇಕು.

ನಾಲ್ಕು ಚುನಾವಣೆಗಳು

ಮೊದಲ ಚುನಾವಣೆ 2008ರ ಮಾರ್ಚ್ 24ರಂದು ನಡೆಯಿತು. ಮೂರನೆಯ ಪಕ್ಷವೊಂದರ ನೋಂದಣಿಯನ್ನು ಆಯೋಗ ನಿರಾಕರಿಸಿದ್ದರಿಂದ ಕಣದಲ್ಲಿ ಎರಡೇ ಪಕ್ಷಗಳಿದ್ದವು, ಮೊದಲ ಸುತ್ತೇ ಬೇಕಾಗಲಿಲ್ಲ. ಶೇ. 79ಕ್ಕೂ ಹೆಚ್ಚು ಮತದಾನವಾಯಿತು. ಜಿಗ್ಮಿ ಥಿನ್ಲೆ ನೇತೃತ್ವದ ಡ್ರುಕ್ ಫುಯೆನ್ಸುಮ್ ಛೋಗ್ಪ, ಅಂದರೆ ಡಿಪಿಟಿ, 47ರಲ್ಲಿ 45 ಸ್ಥಾನ ಗೆದ್ದಿತು. ಪೀಪಲ್ಸ್ ಡೆಮಾಕ್ರಟಿಕ್ ಪಾರ್ಟಿ, ಅಂದರೆ ಪಿಡಿಪಿ, ದೇಶದಲ್ಲಿ ಮೂರರಲ್ಲೊಂದು ಭಾಗ ಮತ ಪಡೆದರೂ ಗೆದ್ದದ್ದು ಎರಡೇ ಸ್ಥಾನ. ಅದರ ನಾಯಕ, ಅರಸರ ಸೋದರಮಾವ ಸಂಗೆ ನ್ಗೆದುಪ್ ಸ್ವಂತ ಕ್ಷೇತ್ರದಲ್ಲೇ ಸೋತರು.

ಉಳಿದ ಇಬ್ಬರ ವಿರೋಧ ಪಕ್ಷಕ್ಕೆ ಹಾ ಜಿಲ್ಲೆಯಿಂದ ಗೆದ್ದ ಶೆರಿಂಗ್ ತೊಬ್ಗೆ ನಾಯಕರಾದರು. 45ರ ಎದುರು ಇಬ್ಬರು ಏನು ಮಾಡಬಲ್ಲರು ಎಂಬ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು. 2010ರಲ್ಲಿ ಸರ್ಕಾರ ಸಂಸತ್ತಿನ ಒಪ್ಪಿಗೆ ಪಡೆಯದೆ ವಾಹನಗಳ ಮೇಲಿನ ತೆರಿಗೆ ಪರಿಷ್ಕರಿಸಿತು. ತೆರಿಗೆ ಹೇರುವ ಅಧಿಕಾರ ಸಂಸತ್ತಿನದು ಎಂದು ವಿರೋಧ ಪಕ್ಷ ನ್ಯಾಯಾಲಯಕ್ಕೆ ಹೋಯಿತು. ಹೈಕೋರ್ಟ್ ಅದೇ ವರ್ಷ ಸರ್ಕಾರದ ವಿರುದ್ಧ ತೀರ್ಪು ನೀಡಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಭೂತಾನಿನ ಮೊದಲ ಸಂವಿಧಾನ ಮೊಕದ್ದಮೆ ಇದು. ಸರ್ಕಾರ ತೀರ್ಪಿಗೆ ತಲೆಬಾಗಿತು. ಹೊಸ ಸಂವಿಧಾನ ಕಾಗದದ ಮೇಲಿನ ಅಕ್ಷರವಷ್ಟೇ ಅಲ್ಲ ಎಂದು ಆ ದೇಶಕ್ಕೆ ಮನವರಿಕೆಯಾದದ್ದು ಮೊದಲ ಚುನಾವಣೆಯಿಂದ ಎನ್ನುವುದಕ್ಕಿಂತ ಈ ಮೊಕದ್ದಮೆಯಿಂದ ಎನ್ನುವುದೇ ಸರಿ.

2013ರಲ್ಲಿ ನಾಲ್ಕು ಪಕ್ಷಗಳಿದ್ದವು. ಮೇ 31ರ ಮೊದಲ ಸುತ್ತಿನಲ್ಲಿ ಡಿಪಿಟಿಗೆ ಶೇ. 44.5, ಪಿಡಿಪಿಗೆ ಶೇ. 32.5 ಮತ. ಡ್ರುಕ್ ನ್ಯಾಮ್ರುಪ್ ಛೋಗ್ಪ (ಡಿಎನ್‌ಟಿ) ಶೇ. 17ರಷ್ಟು ಪಡೆದು ಹೊರಬಿತ್ತು. ಡ್ರುಕ್ ಚಿರ್ವಾಂಗ್ ಛೋಗ್ಪಕ್ಕೆ ಸಿಕ್ಕಿದ್ದು ಶೇ. 6ಕ್ಕೂ ಕಡಿಮೆ. ಜುಲೈ 13ರ ಎರಡನೆಯ ಸುತ್ತಿನಲ್ಲಿ ಡಿಪಿಟಿಯ ಪಾಲು ಶೇ. 45ಕ್ಕೆ ಬಂದು ನಿಂತಿತು, ಪಿಡಿಪಿ ಶೇ. 55ರ ಹತ್ತಿರಕ್ಕೆ ಜಿಗಿಯಿತು. ಅಂದರೆ ಸೋತ ಎರಡು ಪಕ್ಷಗಳಿಗೆ ಬಿದ್ದಿದ್ದಷ್ಟು ಮತ ಹೆಚ್ಚುಕಮ್ಮಿ ಇಡಿಯಾಗಿ ಪಿಡಿಪಿಯ ಲೆಕ್ಕಕ್ಕೆ ಸೇರಿತ್ತು. ಹೊರಬಿದ್ದ ಪಕ್ಷದವರು ಉಳಿದ ಪಕ್ಷ ಸೇರಿ ಸ್ಪರ್ಧಿಸಲು ಅವಕಾಶವಿತ್ತು. ಡಿಎನ್‌ಟಿಯ ಅಧ್ಯಕ್ಷೆ ದೋರ್ಜಿ ಚೋಡೆನ್ ಹಾಗೆ ಪಿಡಿಪಿ ಸೇರಿ ಗೆದ್ದು ಭೂತಾನಿನ ಮೊದಲ ಮಹಿಳಾ ಮಂತ್ರಿಯಾದರು. ಎರಡು ಸುತ್ತಿನ ನಡುವೆ ಇನ್ನೊಂದು ಘಟನೆ ನಡೆದಿತ್ತು: ಜುಲೈ 1ರಿಂದ ಅಡುಗೆ ಅನಿಲ ಮತ್ತು ಸೀಮೆಎಣ್ಣೆಯ ಮೇಲಿನ ಸಬ್ಸಿಡಿಯನ್ನು ಭಾರತ ನಿಲ್ಲಿಸಿತು, ಬೆಲೆ ಒಮ್ಮೆಲೇ ಏರಿತು. ಭಾರತದೊಂದಿಗಿನ ಸಂಬಂಧ ಕೆಟ್ಟಿದ್ದೇ ಕಾರಣ ಎಂಬ ಮಾತು ಚುನಾವಣೆಯ ವಿಷಯವಾಯಿತು. ನೆರೆಯ ದೊಡ್ಡ ದೇಶದ ಕಚೇರಿಯೊಂದರ ಆದೇಶ ಪುಟ್ಟ ದೇಶದ ಮತಗಟ್ಟೆಯವರೆಗೂ ಕೇಳಿಸುತ್ತದೆ, ದೆಹಲಿಯವರು ಇದನ್ನು ಮರೆಯಬಾರದು. ಪಿಡಿಪಿಗೆ 32 ಸ್ಥಾನ, ಡಿಪಿಟಿಗೆ 15. ಇಬ್ಬರ ವಿರೋಧ ಪಕ್ಷದ ನಾಯಕ ತೊಬ್ಗೆ ಪ್ರಧಾನಿಯಾದರು.

2018ರ ಸೆಪ್ಟೆಂಬರ್ 15ರ ಮೊದಲ ಸುತ್ತು ಎಲ್ಲರನ್ನೂ ಬೆಚ್ಚಿಬೀಳಿಸಿತು. ಡಿಎನ್‌ಟಿಗೆ 92,722 ಮತ, ಡಿಪಿಟಿಗೆ 90,020, ಆಳುತ್ತಿದ್ದ ಪಿಡಿಪಿಗೆ 79,883. ಸುಮಾರು ಹತ್ತು ಸಾವಿರ ಮತದ ಅಂತರದಲ್ಲಿ ಸರ್ಕಾರ ನಡೆಸಿದ ಪಕ್ಷ ಎರಡನೆಯ ಸುತ್ತಿಗೇ ಬರಲಿಲ್ಲ. ಬೇರೆ ಸಂಸದೀಯ ವ್ಯವಸ್ಥೆಯಲ್ಲಾಗಿದ್ದರೆ ಶೇ. 27 ಮತ ಪಡೆದ ಪಕ್ಷ ಸದನದಲ್ಲಿ ದೊಡ್ಡ ಗುಂಪಾಗಿ ಕೂರುತ್ತಿತ್ತು. ಇಲ್ಲಿ ಒಂದು ಸ್ಥಾನವೂ ಇಲ್ಲ. ಅದುವರೆಗೆ ಸಂಸತ್ತಿನಲ್ಲಿ ಒಬ್ಬ ಸದಸ್ಯನೂ ಇಲ್ಲದಿದ್ದ ಡಿಎನ್‌ಟಿ ಅಕ್ಟೋಬರ್ 18ರಂದು 30 ಸ್ಥಾನ ಗೆದ್ದು ಸರ್ಕಾರ ರಚಿಸಿತು. ಮೂತ್ರಕೋಶದ ಶಸ್ತ್ರಚಿಕಿತ್ಸಕ ಲೋಟೆ ಶೆರಿಂಗ್ ಪ್ರಧಾನಿಯಾದರು. ಪ್ರಧಾನಿಯಾದ ಮೇಲೂ ಶನಿವಾರಗಳಂದು ಆಸ್ಪತ್ರೆಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದರು.

ಐದು ವರ್ಷದ ನಂತರ ಅದೇ ಗತಿ ಡಿಎನ್‌ಟಿಗೂ ಬಂತು. ಯುವಜನರ ನಿರುದ್ಯೋಗ ಮತ್ತು ಆಸ್ಟ್ರೇಲಿಯಾಕ್ಕೆ ವಲಸೆ ದೇಶದ ದೊಡ್ಡ ಚಿಂತೆಯಾಗಿದ್ದ ಹೊತ್ತು ಅದು. 2023ರ ನವೆಂಬರ್ 30ರಂದು ಐದು ಪಕ್ಷಗಳ ನಡುವೆ ಪಿಡಿಪಿ ಶೇ. 42.5 ಮತ ಪಡೆದು ಮೊದಲಾಯಿತು. ಹೊಸದಾಗಿ ಹುಟ್ಟಿದ ಭೂತಾನ್ ತೆಂದ್ರೆಲ್ ಪಾರ್ಟಿ ಶೇ. 20ರ ಸಮೀಪ ಬಂದು ಎರಡನೆಯದಾಯಿತು. ಆಳುತ್ತಿದ್ದ ಡಿಎನ್‌ಟಿಗೆ ನಾಲ್ಕನೆಯ ಸ್ಥಾನ. 2024ರ ಜನವರಿ 9ರಂದು ಪಿಡಿಪಿ 30, ತೆಂದ್ರೆಲ್ ಪಾರ್ಟಿ 17 ಸ್ಥಾನ ಗೆದ್ದವು. ಮತದಾನ ಶೇ. 65ರಷ್ಟಕ್ಕೆ ಇಳಿದಿತ್ತು. ತೊಬ್ಗೆ ಎರಡನೆಯ ಬಾರಿ ಪ್ರಧಾನಿಯಾದರು.

ಸರ್ಕಾರದ ಬಲ, ಮತದಾರರ ಬಲ

ಗೆದ್ದ ಪಕ್ಷದ ನಾಯಕರನ್ನು ಅರಸರು ಪ್ರಧಾನಿಯಾಗಿ ನೇಮಿಸುತ್ತಾರೆ. ಒಂದೇ ಜಿಲ್ಲೆಯಿಂದ ಇಬ್ಬರಿಗಿಂತ ಹೆಚ್ಚು ಮಂತ್ರಿಗಳಿರಬಾರದು. ಪಕ್ಷಾಂತರ ನಿಷಿದ್ಧ. ಅವಿಶ್ವಾಸ ಮಂಡಿಸಲು ಮೂರರಲ್ಲಿ ಒಂದು ಭಾಗ ಸದಸ್ಯರು ಬೇಕು, ಅದು ಅಂಗೀಕಾರವಾಗಲು ಮೂರರಲ್ಲಿ ಎರಡು ಭಾಗ ಬೇಕು. ಸಮ್ಮಿಶ್ರ ಸರ್ಕಾರ, ರೆಸಾರ್ಟ್ ರಾಜಕೀಯ, ರಾತ್ರೋರಾತ್ರಿ ಸಂಖ್ಯಾಬಲದ ಲೆಕ್ಕ ಯಾವುದಕ್ಕೂ ಎಡೆಯಿಲ್ಲ. 2008ರಿಂದ ಒಂದು ಸರ್ಕಾರವೂ ಮಧ್ಯದಲ್ಲಿ ಬಿದ್ದಿಲ್ಲ. ಅರಸೊತ್ತಿಗೆಗೂ ಸಂವಿಧಾನ ಎಲ್ಲೆ ಹಾಕಿದೆ: ಅರಸರು 65ನೆಯ ವಯಸ್ಸಿಗೆ ಪಟ್ಟ ಬಿಡಬೇಕು, ಸಂಸತ್ತಿನ ನಾಲ್ಕರಲ್ಲಿ ಮೂರು ಭಾಗ ಬಹುಮತ ಮತ್ತು ಜನಮತಗಣನೆಯ ಮೂಲಕ ಅವರನ್ನು ಇಳಿಸಲೂಬಹುದು.

ಹೀಗೆ ಐದು ವರ್ಷ ಸರ್ಕಾರವನ್ನು ಯಾರೂ ಅಲುಗಿಸಲಾರರು. ಅದಕ್ಕೇ ಇರಬೇಕು, ಅವಧಿ ಮುಗಿದ ದಿನ ಮತದಾರರು ಲೆಕ್ಕ ಚುಕ್ತಾ ಮಾಡುತ್ತಾರೆ. 2013ರಲ್ಲಿ ಆಳುವ ಪಕ್ಷ ಎರಡನೆಯ ಸುತ್ತಿನಲ್ಲಿ ಸೋತಿತು. 2018 ಮತ್ತು 2023ರಲ್ಲಿ ಮೊದಲ ಸುತ್ತಿನಲ್ಲೇ ಹೊರಬಿತ್ತು. ಅರಸನೇ ಆಳಲಿ ಎಂದು 2007ರಲ್ಲಿ ಹಳದಿಗೆ ಮತ ಒತ್ತಿದ ಜನ ಇವರೇ. ಮೂರು ಬಾರಿಯೂ ಸೋತವರು ತಕರಾರಿಲ್ಲದೆ ಅಧಿಕಾರ ಬಿಟ್ಟರು, ಬೀದಿಯಲ್ಲಿ ಒಂದು ಕಲ್ಲು ಬೀಳಲಿಲ್ಲ. ಪಕ್ಕದ ದೇಶಗಳ ಚರಿತ್ರೆಯನ್ನು ಬಲ್ಲವರು ಇದನ್ನು ಸಣ್ಣ ಸಾಧನೆ ಎನ್ನಲಾರರು.

ಮುಂದಿನ ಸಾರ್ವತ್ರಿಕ ಚುನಾವಣೆ 2029ರ ಸುಮಾರಿಗೆ ಬರಬೇಕು. ಒಬ್ಬರು ಎರಡು ಅವಧಿಗಿಂತ ಹೆಚ್ಚು ಪ್ರಧಾನಿಯಾಗಿರುವಂತಿಲ್ಲ ಎಂದು ಸಂವಿಧಾನ ಹೇಳುವುದರಿಂದ, ಪಿಡಿಪಿ ಗೆದ್ದರೂ ತೊಬ್ಗೆ ಮತ್ತೆ ಆ ಸ್ಥಾನಕ್ಕೆ ಬರಲಾರರು.